850 ಎಲ್ಲಿಂದ ಬಂತು? ಹೇಗ್ ನ್ಯಾಯಾಲಯದ ಮುಂದೆ ಬಂದ ತಿಮಿಂಗಿಲ ಸಂಶೋಧನೆ

ವರ್ಷಕ್ಕೆ 850 ಮಿಂಕಿ ತಿಮಿಂಗಿಲ, ಶೇ. 10ರಷ್ಟು ಹೆಚ್ಚು ಅಥವಾ ಕಡಿಮೆ. 50 ಫಿನ್ ತಿಮಿಂಗಿಲ. 50 ಹಂಪ್‌ಬ್ಯಾಕ್. ಅಂಟಾರ್ಕ್ಟಿಕದ ಸುತ್ತಲಿನ ದಕ್ಷಿಣ ಮಹಾಸಾಗರದಲ್ಲಿ ಸಂಶೋಧನೆಗಾಗಿ ಇಷ್ಟು ತಿಮಿಂಗಿಲಗಳನ್ನು ಕೊಲ್ಲಬೇಕಾಗುತ್ತದೆ ಎಂದು ಜಪಾನ್ 2005ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗಕ್ಕೆ ಲೆಕ್ಕ ಕೊಟ್ಟಿತು. ಯೋಜನೆಯ ಹೆಸರು ಜಾರ್ಪಾ-2. ಅದರಡಿ ಕೊಟ್ಟ ಪರವಾನಗಿಗಳನ್ನೆಲ್ಲ ಹಿಂಪಡೆಯಿರಿ ಎಂದು 2014ರ ಮಾರ್ಚ್ 31ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಆದೇಶಿಸಿತು.

‘ತಿಮಿಂಗಿಲಗಳಿಗೆ ಜಯ’ ಎಂದು ಆಗ ಪತ್ರಿಕೆಗಳು ಬರೆದವು. ತೀರ್ಪನ್ನು ಓದಲು ಕೂತರೆ ತಿಮಿಂಗಿಲದ ಮೇಲಿನ ಕರುಣೆಯ ಮಾತು ಅದರಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಸಂಶೋಧನೆಗಾಗಿ ತಿಮಿಂಗಿಲವನ್ನು ಕೊಲ್ಲುವುದು ತಪ್ಪೆಂದು ನ್ಯಾಯಾಲಯ ಹೇಳಲಿಲ್ಲ, ಮಾಂಸ ಮಾರಿದ್ದು ತಪ್ಪೆಂದೂ ಹೇಳಲಿಲ್ಲ. ಇಡೀ ಪ್ರಕರಣ ತಿರುಗಿದ್ದು ಒಂದು ಒಣ ಪ್ರಶ್ನೆಯ ಸುತ್ತ: 850 ಎಂಬ ಅಂಕಿ ಎಲ್ಲಿಂದ ಬಂತು? ವಿಜ್ಞಾನದ ಯೋಜನೆಯೊಂದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಆ ಪ್ರಶ್ನೆಯೊಂದರಿಂದಲೇ ಎಲ್ಲವೂ ಇತ್ಯರ್ಥವಾಗುವುದಿಲ್ಲ ಎಂಬುದನ್ನೂ ಇದೇ ಪ್ರಕರಣ ತೋರಿಸುತ್ತದೆ.

ಎಂಟನೇ ವಿಧಿ

ತಿಮಿಂಗಿಲ ಬೇಟೆಯನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ವಾಷಿಂಗ್ಟನ್‌ನಲ್ಲಿ ಸಹಿ ಬಿದ್ದದ್ದು 1946ರ ಡಿಸೆಂಬರ್‌ನಲ್ಲಿ. ಯಾವ ಸದಸ್ಯ ದೇಶವಾದರೂ ‘ವೈಜ್ಞಾನಿಕ ಸಂಶೋಧನೆಯ ಉದ್ದೇಶಕ್ಕಾಗಿ’ ತನ್ನ ಪ್ರಜೆಗಳಿಗೆ ತಿಮಿಂಗಿಲ ಕೊಲ್ಲುವ ವಿಶೇಷ ಪರವಾನಗಿ ಕೊಡಬಹುದು, ಆ ಬೇಟೆಗೆ ಒಪ್ಪಂದದ ಉಳಿದ ನಿಯಮಗಳು ಅನ್ವಯಿಸುವುದಿಲ್ಲ ಎನ್ನುತ್ತದೆ ಅದರ ಎಂಟನೇ ವಿಧಿ. ಹೀಗೆ ಕೊಂದ ತಿಮಿಂಗಿಲವನ್ನು ಸಾಧ್ಯವಾದಷ್ಟೂ ಸಂಸ್ಕರಿಸಿ ಬಳಸಬೇಕು ಎಂದೂ ಅದೇ ವಿಧಿ ಹೇಳುತ್ತದೆ. ‘ಸಂಶೋಧನೆಯ ಮಾಂಸ ಅಂಗಡಿಗೆ ಹೇಗೆ ಬಂತು?’ ಎಂದು ಹುಬ್ಬೇರಿಸುವವರು ಈ ಸಾಲನ್ನು ಓದಿರುವುದಿಲ್ಲ.

ಇಂದು ಇದು ಬೇಕೆಂದೇ ಬಿಟ್ಟ ಕಿಂಡಿಯಂತೆ ಕಾಣಬಹುದು. 1946ರಲ್ಲಿ ಹಾಗಿರಲಿಲ್ಲ. ತಿಮಿಂಗಿಲದ ವಯಸ್ಸು, ಗರ್ಭ, ಆಹಾರದ ಬಗ್ಗೆ ಆಗ ಗೊತ್ತಿದ್ದುದೆಲ್ಲ ಹೆಚ್ಚುಕಡಿಮೆ ಸತ್ತ ತಿಮಿಂಗಿಲಗಳಿಂದಲೇ ತಿಳಿದದ್ದು. ದಕ್ಷಿಣ ಜಾರ್ಜಿಯಾ ದ್ವೀಪದ ಗ್ರಿಟ್‌ವಿಕೆನ್ ಬೇಟೆ ಕೇಂದ್ರದಲ್ಲಿ 1925ರಿಂದ ಬ್ರಿಟಿಷ್ ಜೀವಶಾಸ್ತ್ರಜ್ಞರು ಮಾಡಿದ್ದು ಇದೇ ಕೆಲಸ: ಬೇಟೆಗಾರರು ಎಳೆದು ತಂದ ದೇಹಗಳ ನಡುವೆ ನಿಂತು ಅಳೆಯುವುದು, ಹೊಟ್ಟೆ ಬಗೆದು ನೋಡುವುದು, ಅಂಡಾಶಯ ಕತ್ತರಿಸಿ ತೆಗೆಯುವುದು. ಆಮೇಲೆ ಕಿವಿಯ ಗುಗ್ಗೆಯೂ ಪಟ್ಟಿಗೆ ಸೇರಿತು. ಹಲ್ಲಿಲ್ಲದ, ಬಾಯಲ್ಲಿ ಜಾಲರಿಯಂಥ ಬಲೀನ್ ಇರುವ ತಿಮಿಂಗಿಲಗಳ ಕಿವಿಯೊಳಗೆ ಗುಗ್ಗೆ ಪದರ ಪದರವಾಗಿ ಕಟ್ಟುತ್ತ ಹೋಗುತ್ತದೆ. ಅದನ್ನು ಉದ್ದಕ್ಕೆ ಸೀಳಿ ಪದರ ಎಣಿಸಿದರೆ ವಯಸ್ಸು ಸಿಗುತ್ತದೆ. ಪ್ರಾಣಿ ಪ್ರೌಢಾವಸ್ಥೆಗೆ ಬಂದ ವರ್ಷದಿಂದ ಪದರಗಳ ಅಂತರ ಬದಲಾಗುವುದರಿಂದ, ಅದು ಎಷ್ಟನೇ ವಯಸ್ಸಿನಲ್ಲಿ ಪ್ರೌಢವಾಯಿತು ಎಂಬುದನ್ನೂ ಅಲ್ಲೇ ಓದಬಹುದು. ಬದುಕಿರುವ ತಿಮಿಂಗಿಲದ ಕಿವಿಯಿಂದ ಈ ಗುಗ್ಗೆಯನ್ನು ತೆಗೆಯಲಾಗದು. ಜಪಾನಿನ ವಾದದ ಬೆನ್ನೆಲುಬೇ ಈ ಗುಗ್ಗೆ.

ವಾಣಿಜ್ಯ ಬೇಟೆಯನ್ನು ತಡೆಹಿಡಿಯುವ ನಿರ್ಣಯವನ್ನು ಆಯೋಗ 1982ರಲ್ಲಿ ಅಂಗೀಕರಿಸಿತು. ಅದು 1985-86ರ ಹಂಗಾಮಿನಿಂದ ಜಾರಿಗೆ ಬಂತು. ಜಪಾನ್ ಮೊದಲು ಆಕ್ಷೇಪ ಸಲ್ಲಿಸಿ, ಆಮೇಲೆ ಅಮೆರಿಕದ ಒತ್ತಡಕ್ಕೆ ಮಣಿದು ಅದನ್ನು ಹಿಂತೆಗೆದುಕೊಂಡಿತು. ಅಂಟಾರ್ಕ್ಟಿಕದಲ್ಲಿ ಅದರ ಕೊನೆಯ ವಾಣಿಜ್ಯ ಹಂಗಾಮು 1986-87. ಮೊದಲ ಸಂಶೋಧನಾ ಯೋಜನೆಯಾದ ಜಾರ್ಪಾ ಶುರುವಾದದ್ದು 1987-88ರಲ್ಲಿ. ನಡುವೆ ಒಂದು ಹಂಗಾಮೂ ಖಾಲಿ ಹೋಗಲಿಲ್ಲ.

2004-05ರವರೆಗೆ ನಡೆದ ಜಾರ್ಪಾದಲ್ಲಿ ಸತ್ತ ಮಿಂಕಿಗಳು 6,700ಕ್ಕೂ ಹೆಚ್ಚು. ವರ್ಷದ ಮಿತಿ ಮೊದಲು 300, ಆಮೇಲೆ 400. ಅದು ಮುಗಿದ ಮರು ಹಂಗಾಮಿನಲ್ಲೇ ಜಾರ್ಪಾ-2 ಶುರುವಾಯಿತು, ಮಿತಿ ಇಮ್ಮಡಿಗೂ ಮೇಲೇರಿತು. ಜಾರ್ಪಾದ ಹದಿನೆಂಟು ಹಂಗಾಮುಗಳ ಫಲಿತಾಂಶವನ್ನು ಆಯೋಗದ ವೈಜ್ಞಾನಿಕ ಸಮಿತಿ ಅಂತಿಮವಾಗಿ ಪರಿಶೀಲಿಸಿದ್ದು 2006ರ ಡಿಸೆಂಬರ್‌ನಲ್ಲಿ. ಮೊದಲ ಯೋಜನೆ ಏನು ಕಲಿಸಿತು ಎಂದು ತಿಳಿಯುವ ಮೊದಲೇ ಎರಡನೆಯದು ಕಡಲಿಗಿಳಿದಿತ್ತು.

ಜಪಾನ್ ಕೇಳಿದ ಪ್ರಶ್ನೆ ಪೊಳ್ಳೇ?

ಆಸ್ಟ್ರೇಲಿಯಾ ದಾವೆ ಹೂಡಿದ್ದು 2010ರ ಮೇ 31ರಂದು. ನ್ಯೂಜಿಲೆಂಡ್ ಆಮೇಲೆ ಮಧ್ಯಪ್ರವೇಶಿಸಿತು. ಇದು ವಿಜ್ಞಾನದ ವೇಷ ತೊಟ್ಟ ವಾಣಿಜ್ಯ ಬೇಟೆ ಎಂಬುದು ಆಸ್ಟ್ರೇಲಿಯಾದ ವಾದ. ಪರವಾನಗಿ ಕೊಡುವ ಅಧಿಕಾರ ಸದಸ್ಯ ದೇಶದ್ದು, ಅದು ಸದುದ್ದೇಶದಿಂದ ನಡೆದುಕೊಂಡಿದೆ ಎಂದೇ ಭಾವಿಸಬೇಕು ಎಂಬುದು ಜಪಾನಿನ ಉತ್ತರ.

ಪ್ರಶ್ನೆ ಪೊಳ್ಳಾಗಿರಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ದಕ್ಷಿಣಾರ್ಧಗೋಳವೊಂದರಲ್ಲೇ 20 ಲಕ್ಷಕ್ಕೂ ಹೆಚ್ಚು ತಿಮಿಂಗಿಲಗಳು ಬೇಟೆಗೆ ಬಲಿಯಾದವು. ನೀಲಿ, ಫಿನ್, ಹಂಪ್‌ಬ್ಯಾಕ್‌ಗಳಂಥ ದೊಡ್ಡವು ಮೊದಲು ಹೋದವು. ಅವು ತಿನ್ನುತ್ತಿದ್ದ ಕ್ರಿಲ್ ಎಂಬ ಸೀಗಡಿಯಂಥ ಸಣ್ಣ ಜೀವಿ ಆಗ ಸಣ್ಣ ಮೈಯ ಮಿಂಕಿಗಳ ಪಾಲಾಗಿ, ಅವು ಬೇಗ ಬೆಳೆದು ಬೇಗ ಮರಿಹಾಕತೊಡಗಿದವೇ? ಮಿಂಕಿಗಳು ಪ್ರೌಢವಾಗುವ ವಯಸ್ಸು ಶತಮಾನದ ನಡುವೆ ಹನ್ನೊಂದರ ಆಸುಪಾಸಿನಿಂದ ಏಳರ ಆಸುಪಾಸಿಗೆ ಇಳಿದಿತ್ತು ಎಂದು ಗುಗ್ಗೆಯ ಪದರಗಳು ಸೂಚಿಸಿದ್ದವು. ಈಗ ಹಂಪ್‌ಬ್ಯಾಕ್‌ಗಳೂ ಫಿನ್‌ಗಳೂ ಮರಳಿ ಬರುತ್ತಿರುವಾಗ ಗಾಳಿ ತಿರುಗುತ್ತಿದೆಯೇ? ಸಮಿತಿಯ ಅಂದಾಜಿನಲ್ಲಿ 1985-86ರಿಂದ 1990-91ರ ಸಮೀಕ್ಷೆಗಳಲ್ಲಿ ಸುಮಾರು 7,20,000 ಇದ್ದ ಅಂಟಾರ್ಕ್ಟಿಕ ಮಿಂಕಿಗಳು 1992-93ರಿಂದ 2003-04ರ ಸಮೀಕ್ಷೆಗಳಲ್ಲಿ ಸುಮಾರು 5,15,000ಕ್ಕೆ ಇಳಿದಿದ್ದವು. ಯಾಕೆ ಎಂದು ಕೇಳಲು ಯಾವ ಜೀವಶಾಸ್ತ್ರಜ್ಞನಿಗೂ ಹಕ್ಕಿದೆ.

ಜಾರ್ಪಾ-2 ಬರೆದುಕೊಂಡ ಗುರಿಗಳು ನಾಲ್ಕು. ಎರಡನೆಯದನ್ನು ನೆನಪಿಟ್ಟುಕೊಳ್ಳಿ: ತಿಮಿಂಗಿಲ ಜಾತಿಗಳ ನಡುವಿನ ಆಹಾರದ ಪೈಪೋಟಿಗೆ ಗಣಿತದ ಮಾದರಿ ಕಟ್ಟುವುದು. ಮೂರು ಜಾತಿಗಳೂ ಬೇಕೆಂದದ್ದು ಇದೇ ಗುರಿಗಾಗಿ.

ಅಂಕಿಯ ಹಿಂದೆ ಹೊರಟ ವಿಚಾರಣೆ

2013ರ ಜೂನ್ 26ರಿಂದ ಜುಲೈ 16ರವರೆಗೆ ವಿಚಾರಣೆ ನಡೆಯಿತು. ಮೂವರು ವಿಜ್ಞಾನಿಗಳು ತಜ್ಞ ಸಾಕ್ಷಿಗಳಾಗಿ ಬಂದರು. ಆಸ್ಟ್ರೇಲಿಯಾದ ಪರವಾಗಿ ಕ್ಯಾಲಿಫೋರ್ನಿಯಾದ ಗಣಿತ-ಜೀವಶಾಸ್ತ್ರಜ್ಞ ಮಾರ್ಕ್ ಮ್ಯಾಂಗೆಲ್ ಮತ್ತು ಆಸ್ಟ್ರೇಲಿಯನ್ ಅಂಟಾರ್ಕ್ಟಿಕ್ ಡಿವಿಷನ್ನಿನ ನಿಕ್ ಗೇಲ್ಸ್, ಜಪಾನಿನ ಪರವಾಗಿ ಓಸ್ಲೋ ವಿಶ್ವವಿದ್ಯಾಲಯದ ಲಾರ್ಸ್ ವಾಲ್ಯೊ.

ಸಂಶೋಧನೆ ಅನ್ನಿಸಿಕೊಳ್ಳಲು ನಾಲ್ಕು ಲಕ್ಷಣ ಬೇಕು ಎಂದರು ಮ್ಯಾಂಗೆಲ್: ಪರೀಕ್ಷಿಸಬಲ್ಲ ಸ್ಪಷ್ಟ ಪ್ರಶ್ನೆ, ಅದಕ್ಕೆ ತಕ್ಕ ವಿಧಾನ, ಸಹವಿಜ್ಞಾನಿಗಳ ವಿಮರ್ಶೆ, ಅಧ್ಯಯನಕ್ಕೊಳಗಾದ ಪ್ರಾಣಿಸಂಕುಲಕ್ಕೆ ಹಾನಿಯಾಗದ ಎಚ್ಚರ. ನ್ಯಾಯಾಲಯ ಈ ಪಟ್ಟಿಯನ್ನು ಕೈಗೆತ್ತಿಕೊಂಡು, ನೋಡಿ, ಕೆಳಗಿಟ್ಟಿತು. ವಿಜ್ಞಾನ ಎಂದರೇನು ಎಂದು ತಾನು ವ್ಯಾಖ್ಯಾನಿಸಬೇಕಿಲ್ಲ ಎಂದಿತು. ಕಪ್ಪು ನಿಲುವಂಗಿಯವರು ವಿಜ್ಞಾನಕ್ಕೆ ವ್ಯಾಖ್ಯಾನ ಬರೆಯಲು ಕೂತಿದ್ದರೆ ಮುಂದೆ ಎಷ್ಟೋ ಒಳ್ಳೆಯ ಅಧ್ಯಯನಗಳೂ ಅದರಲ್ಲಿ ಸಿಕ್ಕಿ ಒದ್ದಾಡುತ್ತಿದ್ದವು, ಹಾಗಾಗಿ ಈ ಸಂಯಮ ನನಗೆ ಮೆಚ್ಚುಗೆಯಾಯಿತು. ಬದಲಿಗೆ ನ್ಯಾಯಾಲಯ ಎಂಟನೇ ವಿಧಿಯ ‘ಉದ್ದೇಶಕ್ಕಾಗಿ’ ಎಂಬ ಮಾತನ್ನು ಹಿಡಿಯಿತು. ನೀವೇ ಹೇಳಿಕೊಂಡ ಗುರಿಗಳನ್ನು ಮುಟ್ಟಲು ನಿಮ್ಮ ಯೋಜನೆಯ ರಚನೆಯೂ ಅದನ್ನು ನಡೆಸಿದ ರೀತಿಯೂ ಸಮಂಜಸವಾಗಿವೆಯೇ? ಅಳತೆಗೋಲು ಇಷ್ಟೇ.

ಇಲ್ಲಿ ಮಾದರಿ ಗಾತ್ರದ ಲೆಕ್ಕವನ್ನು ಕೊಂಚ ಬಿಡಿಸಿ ನೋಡಬೇಕು. ಪ್ರೌಢವಾಗುವ ವಯಸ್ಸು ಬದಲಾಗುತ್ತಿದೆಯೇ ಎಂದು ತಿಳಿಯಲು ಎಷ್ಟು ತಿಮಿಂಗಿಲ ಬೇಕು ಎಂಬುದಕ್ಕೆ ಪ್ರಕೃತಿ ಕೊಟ್ಟ ಒಂದೇ ಉತ್ತರವಿಲ್ಲ. ಎಷ್ಟು ಸಣ್ಣ ಬದಲಾವಣೆಯನ್ನು ಹಿಡಿಯಬೇಕು, ಎಷ್ಟು ವರ್ಷಗಳೊಳಗೆ, ಎಷ್ಟು ಖಚಿತವಾಗಿ ಎಂಬ ಮೂರನ್ನು ಸಂಶೋಧಕ ಮೊದಲು ತೀರ್ಮಾನಿಸಬೇಕು. ಸಣ್ಣ ಬದಲಾವಣೆಯನ್ನು ಬೇಗ ಹಿಡಿಯಬೇಕೆಂದರೆ ಸಂಖ್ಯೆ ಏರುತ್ತದೆ. ಹನ್ನೆರಡು ವರ್ಷ ಕಾಯಲು ಸಿದ್ಧನಿದ್ದರೆ ಇಳಿಯುತ್ತದೆ. ಸೂತ್ರ ಒಂದೇ ಆದರೂ ಈ ಮೂರು ಆಯ್ಕೆಗಳನ್ನು ಅಲುಗಿಸಿ ಅದರಿಂದ ಹತ್ತಾರು ಬೇರೆ ಬೇರೆ ಉತ್ತರ ತೆಗೆಯಬಹುದು. ಆದ್ದರಿಂದ ಇಂಥ ಅವಧಿ, ಇಂಥ ನಿಖರತೆ ಯಾಕೆ ಎಂದು ಬರೆದಿಡುವುದೇ ಯೋಜನೆಯ ಪ್ರಾಮಾಣಿಕತೆಯ ಪರೀಕ್ಷೆ.

ಜಾರ್ಪಾ-2ರ ದಾಖಲೆ ಎಡವಿದ್ದು ಇಲ್ಲೇ. ಮಿಂಕಿಗಳಿಗೆ ಆರು ವರ್ಷದ ಅವಧಿ ಹಿಡಿದು ಲೆಕ್ಕ ಹಾಕಿದ್ದರು, ಫಿನ್ ಮತ್ತು ಹಂಪ್‌ಬ್ಯಾಕ್‌ಗಳಿಗೆ ಹನ್ನೆರಡು. ಮೂರೂ ಜಾತಿಗಳನ್ನು ಹೋಲಿಸುವುದೇ ಗುರಿಯಾದರೆ, ಹನ್ನೆರಡು ವರ್ಷ ಮುಗಿಯುವವರೆಗೆ ಹೋಲಿಕೆ ಸಾಧ್ಯವಿಲ್ಲ. ಹಾಗಿದ್ದ ಮೇಲೆ ಮಿಂಕಿಗಳಿಗೆ ಮಾತ್ರ ಆರೇ ವರ್ಷದ ಅವಸರ ಯಾಕೆ? ಆರು ವರ್ಷ ಹಿಡಿದರೆ ಹೆಚ್ಚು ಮಿಂಕಿ ಬೇಕಾಗುತ್ತದೆ ಎಂಬುದನ್ನು ಬಿಟ್ಟು ಬೇರೆ ಉತ್ತರ ದಾಖಲೆಯಲ್ಲಿ ಸಿಗಲಿಲ್ಲ. ಬೇರೆ ಬೇರೆ ಸಂಶೋಧನಾ ಅಂಶಗಳಿಗೆ ಬೇರೆ ಬೇರೆ ಗಾತ್ರಗಳ ಲೆಕ್ಕವಿತ್ತು, ಆದರೆ ಅವುಗಳಿಂದ ಆಯ್ದುಕೊಂಡವೆಲ್ಲ 850ರ ಹತ್ತಿರವೇ ಬಂದು ನಿಂತಿದ್ದವು. ಪುಸ್ತಕದ ಕೊನೆಯ ಪುಟದಲ್ಲಿ ಉತ್ತರ ನೋಡಿಕೊಂಡು ಹಿಂದಿನಿಂದ ಲೆಕ್ಕ ಬಿಡಿಸುವ ಹುಡುಗನ ಕೆಲಸದಂತೆ ಇದು ತೋರುತ್ತದೆ. ಸಂಖ್ಯೆಗಳನ್ನು ಹೇಗೆ ತೀರ್ಮಾನಿಸಿದರು ಎಂಬುದಕ್ಕೆ ಜಪಾನಿನ ವಿಜ್ಞಾನಿಗಳು ಯಾವಾಗಲೂ ಪೂರ್ತಿ ಸ್ಪಷ್ಟ ವಿವರಣೆ ಕೊಟ್ಟಿಲ್ಲ ಎಂದು ಜಪಾನಿನ ಪರವಾಗಿ ಬಂದ ವಾಲ್ಯೊ ಅವರೇ ಒಪ್ಪಿಕೊಂಡರು. ಎದುರಾಳಿಯ ಹತ್ತು ಸಾಕ್ಷಿಗಳಿಗಿಂತ ಇದು ಹೆಚ್ಚು ತೂಗಿತು ಎಂದೇ ನನಗನಿಸುತ್ತದೆ.

ಇನ್ನೊಂದು ಸಂಗತಿ. 1987ರಲ್ಲಿ ಮೊದಲ ಜಾರ್ಪಾಕ್ಕೆಂದು ಜಪಾನ್ ಪ್ರಸ್ತಾಪಿಸಿದ್ದು 825 ಮಿಂಕಿ ಮತ್ತು 50 ಸ್ಪರ್ಮ್ ತಿಮಿಂಗಿಲ. ಆಮೇಲೆ ಸ್ಪರ್ಮ್ ಬಿಟ್ಟು ಮಿಂಕಿಗಳನ್ನು 300ಕ್ಕೆ ಇಳಿಸಲಾಯಿತು. ಹದಿನೆಂಟು ವರ್ಷದ ನಂತರ, ಬೇರೆ ಗುರಿಗಳ ಹೆಸರಿನಲ್ಲಿ ಹೊಸದಾಗಿ ಹಾಕಿದ ಲೆಕ್ಕ 850ಕ್ಕೆ ಬಂದು ಮುಟ್ಟಿತು. ಕಾಕತಾಳೀಯವೂ ಇರಬಹುದು.

ಕಾಗದದ ಮಾತು ಹೀಗಾದರೆ ಕಡಲಿನದ್ದು ಇನ್ನೂ ವಿಚಿತ್ರ. ಜಾರ್ಪಾ-2 ತನ್ನ ಗುರಿಯಷ್ಟು ಮಿಂಕಿ ಹಿಡಿದದ್ದು ಮೊದಲ ಹಂಗಾಮಿನಲ್ಲಿ ಮಾತ್ರ. ಹಂಗಾಮಿನ ಸರಾಸರಿ 450ರ ಆಸುಪಾಸು, 2010-11ರಲ್ಲಿ 170, 2012-13ರಲ್ಲಿ 103. ಅಲ್ಲಿಯವರೆಗೆ ಎಲ್ಲ ಸೇರಿ ಸುಮಾರು 3,600. ಅಷ್ಟೂ ಹಂಗಾಮುಗಳಲ್ಲಿ ಹಿಡಿದ ಫಿನ್ ತಿಮಿಂಗಿಲ 18, ಹಂಪ್‌ಬ್ಯಾಕ್ ಒಂದೂ ಇಲ್ಲ. ಜಪಾನ್ ಕೊಟ್ಟ ಕಾರಣಗಳು ಸುಳ್ಳಲ್ಲ. ಹಂಪ್‌ಬ್ಯಾಕ್ ಬೇಟೆಯನ್ನು ಆಯೋಗದ ಅಧ್ಯಕ್ಷರ ಕೋರಿಕೆಯ ಮೇರೆಗೆ ತಡೆಹಿಡಿದಿದ್ದರು. ಮಾತೃನೌಕೆ ನಿಶ್ಶಿನ್ ಮಾರುವಿನ ಸಲಕರಣೆ ದೊಡ್ಡ ಫಿನ್‌ಗಳನ್ನು ಮೇಲಕ್ಕೆಳೆಯಲು ಸಾಲುತ್ತಿರಲಿಲ್ಲ, 2007ರಲ್ಲಿ ಅದಕ್ಕೆ ಬೆಂಕಿಯೂ ಬಿದ್ದಿತ್ತು. ಸೀ ಶೆಫರ್ಡ್ ಸಂಘಟನೆಯ ಹಡಗುಗಳು ಬೆನ್ನುಹತ್ತಿ ಅಡ್ಡಿ ಮಾಡುತ್ತಿದ್ದವು.

ನ್ಯಾಯಾಲಯ ಈ ಕಾರಣಗಳನ್ನು ಕೇಳಿಸಿಕೊಂಡು ಮುಂದಿನ ಪ್ರಶ್ನೆ ಹಾಕಿತು. ಇಷ್ಟೆಲ್ಲ ಆದಮೇಲೂ ಯೋಜನೆಯನ್ನು ಯಾಕೆ ಬದಲಿಸಲಿಲ್ಲ? ಫಿನ್ ಮತ್ತು ಹಂಪ್‌ಬ್ಯಾಕ್ ಇಲ್ಲದೆ ಮೂರು ಜಾತಿಗಳ ಪೈಪೋಟಿಯ ಮಾದರಿ ಕಟ್ಟುವುದಾದರೂ ಹೇಗೆ? ಕಡಿಮೆ ಹಿಡಿದರೂ ಉಪಯುಕ್ತ ಫಲಿತಾಂಶ ಬರುತ್ತಿದೆ ಎಂದಿತು ಜಪಾನ್. ಅದು ತನ್ನ ಕಾಲಿಗೆ ತಾನೇ ಹಾಕಿಕೊಂಡ ಕುಣಿಕೆ. ಅಷ್ಟರಲ್ಲೇ ಕೆಲಸ ನಡೆಯುವುದಾದರೆ 850 ಬೇಕೇಬೇಕೆಂದದ್ದು ಯಾಕೆ? 850 ಬೇಕೇಬೇಕಾದರೆ ಇಷ್ಟು ವರ್ಷ ನಡೆದದ್ದು ಏನು?

ಉಳಿದ ಲೋಪಗಳನ್ನು ತೀರ್ಪು ಬೇಗಬೇಗನೆ ದಾಟುತ್ತದೆ. ಯೋಜನೆಗೆ ಕೊನೆಯ ದಿನಾಂಕವಿಲ್ಲ. ಕೊಲ್ಲದೆ ಅದೇ ಮಾಹಿತಿ ಪಡೆಯಬಹುದೇ ಎಂದು ಗಂಭೀರವಾಗಿ ಪರಿಶೀಲಿಸಿದ ಕುರುಹಿಲ್ಲ. ಬೇರೆ ಸಂಶೋಧನಾ ಸಂಸ್ಥೆಗಳ ಜತೆ ಸಹಕಾರ ಅಷ್ಟಕ್ಕಷ್ಟೆ. ಪ್ರಕಟಣೆಯ ವಿಷಯವಂತೂ ಇರಿಯುವಂಥದ್ದು: ಜಾರ್ಪಾ-2ರ ಮಾಹಿತಿಯಿಂದ ಬಂದ, ಸಹವಿಜ್ಞಾನಿಗಳ ವಿಮರ್ಶೆ ದಾಟಿದ ಪ್ರಬಂಧಗಳೆಂದು ಜಪಾನ್ ತೋರಿಸಿದ್ದು ಎರಡು. ಒಂದು ಏಳು ಮಿಂಕಿಗಳನ್ನು ಆಧರಿಸಿದ್ದು, ಇನ್ನೊಂದು ಎರಡನ್ನು. ಎರಡೂ ಯೋಜನೆಯ ಗುರಿಗಳಿಗೆ ಸಂಬಂಧಿಸಿದವಲ್ಲ. ಕೊಂದು ಮಾಡಿದ ಅಧ್ಯಯನಗಳನ್ನು ಪಾಶ್ಚಾತ್ಯ ನಿಯತಕಾಲಿಕೆಗಳು ಮುಟ್ಟುವುದಿಲ್ಲ ಎಂಬ ಜಪಾನಿ ವಿಜ್ಞಾನಿಗಳ ದೂರಿನಲ್ಲಿ ಹುರುಳಿದೆ. ಆದರೂ 3,600ರ ಮುಂದೆ ಒಂಬತ್ತು ತೀರಾ ಸಣ್ಣದು.

ಹನ್ನೆರಡು-ನಾಲ್ಕು

ಜಾರ್ಪಾ-2ರ ಪರವಾನಗಿಗಳು ‘ವೈಜ್ಞಾನಿಕ ಸಂಶೋಧನೆಯ ಉದ್ದೇಶಕ್ಕಾಗಿ’ ಕೊಟ್ಟವಲ್ಲ ಎಂದು ಹನ್ನೆರಡು ನ್ಯಾಯಮೂರ್ತಿಗಳು ಹೇಳಿದರು. ನಾಲ್ವರು, ಅಂದರೆ ಒವಾಡಾ, ಅಬ್ರಹಾಂ, ಬೆನ್ನೂನಾ ಮತ್ತು ಯೂಸುಫ್, ಒಪ್ಪಲಿಲ್ಲ. ಎಂಟನೇ ವಿಧಿಯ ರಕ್ಷಣೆ ತಪ್ಪಿದ ಕೂಡಲೇ ಉಳಿದದ್ದು ತಾನಾಗಿ ಉರುಳಿತು: ವಾಣಿಜ್ಯ ಬೇಟೆಯ ತಡೆ, ಕೊಂದ ತಿಮಿಂಗಿಲವನ್ನು ಕಡಲಲ್ಲೇ ಸಂಸ್ಕರಿಸುವ ಕಾರ್ಖಾನೆ ಹಡಗುಗಳ ಮೇಲಿನ ನಿಷೇಧ, 1994ರಲ್ಲಿ ಘೋಷಿಸಿದ ದಕ್ಷಿಣ ಮಹಾಸಾಗರದ ಅಭಯಧಾಮ, ಮೂರರ ನಿಯಮಗಳನ್ನೂ ಜಪಾನ್ ಮುರಿದಂತಾಯಿತು. ಯೋಜನೆಯನ್ನು ವೈಜ್ಞಾನಿಕ ಸಮಿತಿಗೆ ಮೊದಲೇ ಸಲ್ಲಿಸಬೇಕೆಂಬ ನಿಯಮವನ್ನು ಮಾತ್ರ ಅದು ಪಾಲಿಸಿದೆ ಎಂದು 13-3ರಿಂದ ತೀರ್ಮಾನವಾಯಿತು.

ಒವಾಡಾ ಅವರ ಭಿನ್ನಮತವನ್ನು ಜಪಾನಿ ನ್ಯಾಯಮೂರ್ತಿ ಜಪಾನಿನ ಪರ ನಿಂತರು ಎಂದು ತಳ್ಳಿಹಾಕುವುದು ಸುಲಭ. ಆದರೆ ಅವರೆತ್ತಿದ ಶಂಕೆಯಲ್ಲಿ ತಿರುಳಿದೆ. ಒಪ್ಪಂದ ಈ ವಿವೇಚನೆಯನ್ನು ಸದಸ್ಯ ದೇಶಕ್ಕೆ ಬಿಟ್ಟಿರುವಾಗ, ವೈಜ್ಞಾನಿಕ ಯೋಜನೆಯೊಂದು ಸಮಂಜಸವೋ ಅಲ್ಲವೋ ಎಂದು ಅಳೆಯುವ ಹೊಣೆಯನ್ನು ನ್ಯಾಯಾಲಯ ಯಾಕೆ ಹೊತ್ತುಕೊಳ್ಳಬೇಕು? ಬಹುಮತ ಬಳಸಿದ ಅಳತೆಗೋಲು ಜಾಳು ಯೋಜನೆಯನ್ನು ಹಿಡಿಯಲು ಚೆನ್ನಾಗಿದೆ. ಒಳ್ಳೆಯ ಲೆಕ್ಕಿಗನನ್ನಿಟ್ಟುಕೊಂಡು ಬರೆದ ಯೋಜನೆಯ ಮುಂದೆ ಅದು ಏನು ಮಾಡೀತು?

ಉತ್ತರಕ್ಕೆ ಹೆಚ್ಚು ಕಾಯಬೇಕಾಗಲಿಲ್ಲ. 2014-15ರಲ್ಲಿ ಜಪಾನಿನ ಹಡಗುಗಳು ಅಂಟಾರ್ಕ್ಟಿಕದಲ್ಲಿ ಒಂದೂ ತಿಮಿಂಗಿಲವನ್ನು ಕೊಲ್ಲದೆ ಎಣಿಕೆಯಷ್ಟೇ ಮಾಡಿ ಬಂದವು. ಆದರೆ 2014ರ ನವೆಂಬರ್‌ನಲ್ಲೇ ಹೊಸ ಯೋಜನೆ ಸಿದ್ಧವಾಗಿತ್ತು. ಹೆಸರು ನ್ಯೂರೆಪ್-ಎ. ವರ್ಷಕ್ಕೆ 333 ಮಿಂಕಿ ಮಾತ್ರ, ಬೇರೆ ಜಾತಿ ಇಲ್ಲ, ಅವಧಿ ಹನ್ನೆರಡು ವರ್ಷ, ನಡುವೆ ಪರಿಶೀಲನೆ. ಪ್ರೌಢವಾಗುವ ವಯಸ್ಸಿನ ಬದಲಾವಣೆಯನ್ನು ಹಿಡಿಯಲು ಇಷ್ಟು ಬೇಕು ಎಂದು ಈ ಬಾರಿ ಲೆಕ್ಕವನ್ನು ಬಿಡಿಸಿ ತೋರಿಸಿದ್ದರು. ತೀರ್ಪು ಬೆರಳು ಮಾಡಿದ ಕಡೆಯಲ್ಲೆಲ್ಲ ತೇಪೆ ಬಿದ್ದಿತ್ತು. ಆಯೋಗದ ತಜ್ಞರ ತಂಡ 2015ರ ಫೆಬ್ರವರಿಯಲ್ಲಿ ಅದನ್ನು ನೋಡಿ, ಕೊಲ್ಲುವ ಅಗತ್ಯವನ್ನು ಯೋಜನೆ ಸಾಬೀತುಪಡಿಸಿಲ್ಲ ಎಂದಿತು. ಹಡಗುಗಳು ಆ ಡಿಸೆಂಬರ್‌ನಲ್ಲಿ ಹೊರಟೇ ಹೊರಟವು. ಅದಕ್ಕೂ ಮೊದಲು, ಅಕ್ಟೋಬರ್‌ನಲ್ಲಿ, ಸಮುದ್ರದ ಜೀವಸಂಪತ್ತಿನ ಸಂಶೋಧನೆ, ಸಂರಕ್ಷಣೆ, ಬಳಕೆಯ ವಿವಾದಗಳಲ್ಲಿ ಹೇಗ್ ನ್ಯಾಯಾಲಯದ ಅಧಿಕಾರವನ್ನು ತಾನು ಒಪ್ಪುವುದಿಲ್ಲ ಎಂದು ಜಪಾನ್ ವಿಶ್ವಸಂಸ್ಥೆಗೆ ಬರೆದುಕೊಟ್ಟಿತ್ತು. ನಾಲ್ಕು ಹಂಗಾಮುಗಳಲ್ಲಿ ತಲಾ 333 ಮಿಂಕಿಗಳು ಸತ್ತವು.

ಗುಗ್ಗೆಯ ವಾದವೂ ಅಷ್ಟರಲ್ಲಿ ಸಡಿಲವಾಗತೊಡಗಿತ್ತು. ಚಿಕ್ಕ ಬಾಣ ಹಾರಿಸಿ ಬದುಕಿರುವ ಹಂಪ್‌ಬ್ಯಾಕ್‌ನಿಂದ ಕಿತ್ತ ಚರ್ಮದ ಚೂರಿನಲ್ಲಿ, ಡಿಎನ್‌ಎ ಮೇಲಿನ ಮೀಥೈಲ್ ಗುರುತುಗಳನ್ನು ಓದಿ ವಯಸ್ಸು ಅಂದಾಜಿಸುವ ವಿಧಾನವನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು ಪ್ರಕಟಿಸಿದ್ದು ತೀರ್ಪು ಬಂದ 2014ರಲ್ಲೇ. ಸರಾಸರಿ ತಪ್ಪು 3.75 ವರ್ಷ. ಗುಗ್ಗೆಯಷ್ಟು ನಿಖರವಲ್ಲ, ಪ್ರೌಢವಾದ ವರ್ಷವನ್ನೂ ಅದು ಹೇಳುವುದಿಲ್ಲ. ಆದರೆ ಒಂದೇ ಪ್ರಾಣಿಯನ್ನು ಹತ್ತು ವರ್ಷ ಬಿಟ್ಟು ಮತ್ತೆ ಪರೀಕ್ಷಿಸಬಹುದು, ಗುಗ್ಗೆಯಲ್ಲಿ ಅದು ಆಗದ ಮಾತು.

2018ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್‌ನ ಫ್ಲೋರಿಯಾನೊಪೊಲಿಸ್‌ನಲ್ಲಿ ನಡೆದ ಸಭೆಯಲ್ಲಿ ವಾಣಿಜ್ಯ ಬೇಟೆಗೆ ಮತ್ತೆ ಅವಕಾಶ ಕೊಡಿ ಎಂಬ ಜಪಾನಿನ ಪ್ರಸ್ತಾವ ಬಿದ್ದುಹೋಯಿತು. ಆಯೋಗವನ್ನೇ ಬಿಡುವುದಾಗಿ ಜಪಾನ್ ಡಿಸೆಂಬರ್ 26ರಂದು ಘೋಷಿಸಿತು. 2019ರ ಜುಲೈ 1ರಂದು ಅದರ ಹಡಗುಗಳು ಸಂಶೋಧನೆಯ ಹೆಸರಿಲ್ಲದೆ, ಸ್ವಂತ ಕಡಲಿನಲ್ಲಿ, ಮಾರಾಟಕ್ಕಾಗಿಯೇ ಬೇಟೆಗೆ ಹೊರಟವು. ಅಂಟಾರ್ಕ್ಟಿಕದ ಬೇಟೆ ನಿಂತಿತು. ನ್ಯಾಯಾಲಯದ ಆದೇಶ ಮಾಡಲಾಗದ್ದನ್ನು ಈ ನಿರ್ಗಮನ ಮಾಡಿತು. ಮೂವತ್ತು ವರ್ಷದ ವೇಷಕ್ಕಿಂತ ಇದೇ ಮೇಲು ಅನ್ನುವವರಲ್ಲಿ ನಾನೂ ಒಬ್ಬ.

ಆ ವರ್ಷದ ಕೊನೆಯವರೆಗಿನ ಮಿತಿ 227: 150 ಬ್ರೈಡ್ಸ್, 52 ಮಿಂಕಿ, 25 ಸೇಯ್. ಈ ಅಂಕಿಗಳನ್ನು ಆಯೋಗವೇ ರೂಪಿಸಿದ ಪರಿಷ್ಕೃತ ನಿರ್ವಹಣಾ ವಿಧಾನದಂತೆ ಲೆಕ್ಕ ಹಾಕಿದ್ದೇವೆ ಎಂದಿತು ಜಪಾನ್. ಆ ವಿಧಾನವನ್ನು ಆಯೋಗ 1994ರಲ್ಲೇ ಒಪ್ಪಿತ್ತು, ಎಂದೂ ಜಾರಿಗೆ ತಂದಿರಲಿಲ್ಲ. ಅದು ಕೇಳುವ ಮಾಹಿತಿ ಮುಖ್ಯವಾಗಿ ಎರಡು: ಹಿಂದೆ ಎಷ್ಟು ಕೊಂದಿದ್ದಾರೆ ಎಂಬ ದಾಖಲೆ, ಈಗ ಎಷ್ಟಿವೆ ಎಂಬ ಅಂದಾಜು. ಮೊದಲನೆಯದು ಹಳೆಯ ಕಡತಗಳಲ್ಲಿದೆ. ಎರಡನೆಯದನ್ನು ಹಡಗಿನ ಮೇಲ್ತಟ್ಟಿನಲ್ಲಿ ದುರ್ಬೀನು ಹಿಡಿದು ನಿಂತವರು ಎಣಿಸಿ ತರುತ್ತಾರೆ. ಗುಗ್ಗೆಯ ಪದರ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.